ಉಸಿರುಕಟ್ಟಿ ಹುಟ್ಟಿದ ಮಗುವಿಗೆ ಮದ್ದು: ಟ್ರೇಯಲ್ಲಿ ಉಳಿದದ್ದೇನು, ಇಳಿದುಹೋದದ್ದೇಕೆ

ಹೆರಿಗೆ ಕೋಣೆಯಲ್ಲಿ ನವಜಾತ ಶಿಶುವಿಗೆಂದು ಇಡುವ ತುರ್ತು ಟ್ರೇಯಲ್ಲಿ ಒಂದು ಕಾಲಕ್ಕೆ ಇಂಜೆಕ್ಷನ್‌ಗಳ ಸಾಲೇ ಇರುತ್ತಿತ್ತು. ಅಡ್ರಿನಲಿನ್, ಸೋಡಿಯಂ ಬೈಕಾರ್ಬನೇಟ್, ಕ್ಯಾಲ್ಸಿಯಂ, ಅಟ್ರೋಪಿನ್, ನಲೋಕ್ಸೋನ್. ಅದಕ್ಕೂ ಹಿಂದೆ, 1950–60ರ ದಶಕಗಳಲ್ಲಿ, ಉಸಿರಾಟವನ್ನು ಕೆರಳಿಸುತ್ತವೆ ಎಂಬ ನಂಬಿಕೆಯಿಂದ ಕೊಡುತ್ತಿದ್ದ ನಿಕೆತಮೈಡ್, ಲೊಬೆಲಿನ್ ಕೂಡ ಅಲ್ಲಿದ್ದವು. ಒಂದೊಂದಾಗಿ ಅವುಗಳಲ್ಲಿ ಹೆಚ್ಚಿನವು ಕೆಳಗಿಳಿದವು. ಇಂದು ಪುನಶ್ಚೇತನದ, ಎಂದರೆ ನಿಂತ ಉಸಿರು-ಬಡಿತ ಮರಳಿಸುವ ಕೆಲಸದ, ಮೊದಲ ನಿಮಿಷಗಳಿಗೆ ಟ್ರೇಯಲ್ಲಿ ಉಳಿದಿರುವುದು ಎರಡೇ: ಅಡ್ರಿನಲಿನ್, ಮತ್ತು ರಕ್ತ ಕಳೆದುಕೊಂಡ ಮಗುವಿನ ರಕ್ತನಾಳ ತುಂಬಿಸುವ ದ್ರವ. ಹೀಗೆ ಪಟ್ಟಿ ಕಿರಿದಾದದ್ದು ಮದ್ದು ಸಿಗದೆ ಅಲ್ಲ. ಉಸಿರುಕಟ್ಟಿದ ಮಗುವಿನ ಹೃದಯ ಯಾಕೆ ನಿಧಾನವಾಗುತ್ತದೆ ಎಂಬುದು ಸರಿಯಾಗಿ ಅರ್ಥವಾಗಿದ್ದರಿಂದ.

ಲೆಕ್ಕ ನೋಡಿದರೆ ಔಷಧದ ಪಾಲು ತೀರಾ ಸಣ್ಣದು. ತಿಂಗಳು ತುಂಬಿ ಹುಟ್ಟಿದ ನೂರು ಮಕ್ಕಳಲ್ಲಿ ಸುಮಾರು 85 ಮಕ್ಕಳು ಹುಟ್ಟಿದ 10ರಿಂದ 30 ಸೆಕೆಂಡಿನೊಳಗೆ ತಾವಾಗಿಯೇ ಉಸಿರೆಳೆದುಕೊಳ್ಳುತ್ತವೆ. ಇನ್ನೂ ಹತ್ತು ಮಕ್ಕಳಿಗೆ ಮೈ ಒರೆಸಿ, ಬೆನ್ನು ಸವರಿದರೆ ಸಾಕು. ಸುಮಾರು ಐದಕ್ಕೆ ಮಾಸ್ಕ್ ಇಟ್ಟು ಶ್ವಾಸ ಕೊಡಬೇಕಾಗುತ್ತದೆ. ಎದೆ ಒತ್ತಬೇಕಾಗುವುದು ಸಾವಿರಕ್ಕೆ ಒಂದು ಮಗುವಿಗೆ. ಅಡ್ರಿನಲಿನ್ ಬೇಕಾಗುವುದು ಹತ್ತು ಸಾವಿರಕ್ಕೆ ಹೆಚ್ಚುಕಡಿಮೆ ಐದು ಮಕ್ಕಳಿಗೆ. ಅಪರೂಪಕ್ಕೆ ಮಾಡುವ ಕೆಲಸದಲ್ಲಿ ಕೈ ತಪ್ಪುವುದೇ ಹೆಚ್ಚು. ವರ್ಷಕ್ಕೊಮ್ಮೆಯೂ ಈ ಔಷಧ ಕೊಡದ ತಂಡ, ಕೊಡಬೇಕಾದ ದಿನ ಎರಡು ನಿಮಿಷದಲ್ಲಿ ತೂಕ ಅಂದಾಜಿಸಿ, ಮದ್ದು ತೆಳುಮಾಡಿ, ಹೊಕ್ಕುಳಿನಲ್ಲಿ ನಾಳ ಹುಡುಕಬೇಕು. ಹಾಗಾಗಿ ಇಲ್ಲಿ ಡೋಸ್ ಎಷ್ಟು ಎನ್ನುವುದರ ಜೊತೆಗೆ ಆ ಡೋಸ್ ಎಲ್ಲೆಲ್ಲಿ ಹಾದಿ ತಪ್ಪುತ್ತದೆ ಎನ್ನುವುದನ್ನೂ ಬಿಡಿಸಿ ನೋಡಬೇಕು.

ಮೊದಲು ಶ್ವಾಸಕೋಶ

ದೊಡ್ಡವರ ಹೃದಯ ತಟ್ಟನೆ ನಿಂತರೆ ಬಹಳ ಸಲ ಅದು ಹೃದಯದ್ದೇ ತೊಂದರೆ: ಮುಚ್ಚಿದ ರಕ್ತನಾಳ, ಕೆಟ್ಟ ವಿದ್ಯುತ್ ಲಯ. ಹಸುಗೂಸಿನಲ್ಲಿ ಹಾಗಲ್ಲ. ಮಾಸು ಮೊದಲೇ ಬಿಟ್ಟುಕೊಂಡಾಗ, ಹೊಕ್ಕುಳಬಳ್ಳಿ ಒತ್ತಿಹೋದಾಗ, ಹೆರಿಗೆ ತುಂಬಾ ಹೊತ್ತು ಸಿಕ್ಕಿಕೊಂಡಾಗ ಆಮ್ಲಜನಕ ಕಡಿಮೆಯಾಗಿ ಗಟ್ಟಿಮುಟ್ಟಾದ ಹೃದಯವೇ ಸೊರಗುತ್ತದೆ. 1960ರ ದಶಕದಲ್ಲಿ ಶರೀರಶಾಸ್ತ್ರಜ್ಞ ಜೆಫ್ರಿ ಡಾಸ್ ಮತ್ತು ಸಂಗಡಿಗರು ಕೋತಿಮರಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಇದರ ಕ್ರಮ ಸ್ಪಷ್ಟವಾಗಿ ಕಂಡಿತು. ಆಮ್ಲಜನಕ ನಿಂತೊಡನೆ ಮರಿ ಜೋರಾಗಿ ಉಸಿರಾಡಲು ಹೆಣಗುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಇದು ಮೊದಲ ನಿಲುಗಡೆ. ಹೃದಯಬಡಿತ ಇಳಿದರೂ ರಕ್ತದೊತ್ತಡ ಆಗಿನ್ನೂ ಉಳಿದಿರುತ್ತದೆ. ಮೈ ಒರೆಸಿದರೆ, ಪಾದ ತಟ್ಟಿದರೆ ಮತ್ತೆ ಉಸಿರು ಬರುತ್ತದೆ. ಹಾಗೆಯೇ ಬಿಟ್ಟರೆ ಕೆಲವು ಏದುಸಿರುಗಳು, ಬಳಿಕ ಎರಡನೇ ನಿಲುಗಡೆ. ಅಲ್ಲಿಗೆ ರಕ್ತದೊತ್ತಡವೂ ಕುಸಿದಿರುತ್ತದೆ, ಎಷ್ಟು ತಟ್ಟಿದರೂ ಉಸಿರು ಮರಳುವುದಿಲ್ಲ. ಶ್ವಾಸಕೋಶಕ್ಕೆ ಗಾಳಿ ತುಂಬಿದರೆ ಮಾತ್ರ ಮರಳುತ್ತದೆ.

ಹುಟ್ಟಿದ ಮಗುವನ್ನು ಕೈಗೆತ್ತಿಕೊಂಡಾಗ ಅದು ಯಾವ ನಿಲುಗಡೆಯಲ್ಲಿದೆ ಎಂದು ನೋಡಿ ಹೇಳಲಾಗದು. ಅದಕ್ಕೇ ನಿಯಮ ಸರಳ: ಒರೆಸಿ, ಸವರಿ, ಆಗದಿದ್ದರೆ ಮೊದಲ ಒಂದು ನಿಮಿಷದೊಳಗೆ ಶ್ವಾಸ ಕೊಡಲು ಶುರುಮಾಡಬೇಕು. ನಿಕೆತಮೈಡ್‌ನಂತಹ ಮದ್ದುಗಳು ಸೋತದ್ದೂ ಇಲ್ಲೇ. ಮೊದಲ ನಿಲುಗಡೆಯಲ್ಲಿ ಅವಿಲ್ಲದೆಯೂ ಮಗು ಉಸಿರಾಡುತ್ತಿತ್ತು. ಎರಡನೆಯದರಲ್ಲಿ ಅವು ಉಸಿರು ತರಲಿಲ್ಲ, ಗಾಳಿ ಕೊಡಬೇಕಾದ ಹೊತ್ತನ್ನು ಮಾತ್ರ ತಿಂದವು.

ಗಾಳಿ ಕೊಟ್ಟೆವು ಎಂದರೆ ಸಾಲದು, ಗಾಳಿ ಒಳಗೆ ಹೋಯಿತೇ ಎಂಬುದು ಮುಖ್ಯ. ನಿಮಿಷಕ್ಕೆ 40ರಿಂದ 60 ಉಸಿರು, ಆರಂಭದ ಒತ್ತಡ ಸಾಮಾನ್ಯವಾಗಿ 20ರಿಂದ 25 ಸೆಂ.ಮೀ. ನೀರಿನಷ್ಟು. ಸರಿಯಾಗಿ ಹೋಗುತ್ತಿದ್ದರೆ 15 ಸೆಕೆಂಡಿನಲ್ಲಿ ಬಡಿತ ಏರತೊಡಗಬೇಕು. ಏರದಿದ್ದರೆ, ಎದೆಯೂ ಏಳುತ್ತಿಲ್ಲವಾದರೆ, ಮಾಸ್ಕ್ ಮತ್ತೆ ಕೂರಿಸಿ. ಕತ್ತನ್ನು ಅತಿಯಾಗಿ ಹಿಂದೆ ಚಾಚದೆ, ಮುಂದೆ ಮಡಚದೆ ಸಮ ಮಾಡಿ. ಬಾಯಿ-ಮೂಗಿನ ಕಫ ತೆಗೆಯಿರಿ. ಬಾಯಿ ತುಸು ತೆರೆಯಿರಿ. ಒತ್ತಡವನ್ನು ಹಂತಹಂತವಾಗಿ ಏರಿಸಿ, ತಿಂಗಳು ತುಂಬಿದ ಮಗುವಿಗೆ 40ರವರೆಗೂ ಬೇಕಾಗಬಹುದು. ಕೊನೆಗೆ ಶ್ವಾಸನಳಿಕೆಗೆ ಕೊಳವೆ, ಅಥವಾ ಗಂಟಲಿನೊಳಗೆ ಶ್ವಾಸನಳಿಕೆಯ ಬಾಯಿಯ ಮೇಲೆ ಕೂರುವ ಲ್ಯಾರಿಂಜಿಯಲ್ ಮಾಸ್ಕ್ ಹಾಕಿ. ಬಡಿತ ಏರದ ಹೆಚ್ಚಿನ ಮಕ್ಕಳಲ್ಲಿ ದೋಷ ಇರುವುದು ಈ ಆರು ಕಡೆಗಳಲ್ಲೇ. ಕೆನ್ನೆಯ ಪಕ್ಕದಲ್ಲಿ ಮಾಸ್ಕ್ ಸೋರುತ್ತಿರುವಾಗ ಅಡ್ರಿನಲಿನ್ ಕೊಡುವುದು ಎಣ್ಣೆ ಹಾಕದೆ ಬತ್ತಿ ಕೆದಕಿದ ಹಾಗೆ. ಆಮ್ಲಜನಕವೇ ಇಲ್ಲದ ಸ್ನಾಯುವನ್ನು ಇನ್ನಷ್ಟು ದುಡಿಸಿದಂತಾಗುತ್ತದೆ, ಅಷ್ಟೆ.

ಆಮ್ಲಜನಕವನ್ನೂ ಮದ್ದೆಂದೇ ಎಣಿಸಬೇಕು, ಅದಕ್ಕೂ ಡೋಸ್ ಇದೆ. ಗರ್ಭದಲ್ಲಿ 35 ವಾರ ತುಂಬಿ ಹುಟ್ಟಿದ ಮಗುವಿಗೆ ಶ್ವಾಸ ಕೊಡುವಾಗ ಶುರುವಿಗೆ 21 ಶೇಕಡಾ, ಎಂದರೆ ಕೋಣೆಯ ಗಾಳಿಯೇ. ಅದಕ್ಕಿಂತ ಮೊದಲೇ ಹುಟ್ಟಿದ್ದರೆ, 2021ರ ಅಮೆರಿಕದ ತರಬೇತಿಯ ಪ್ರಕಾರ, 21ರಿಂದ 30. ನೂರು ಶೇಕಡಾ ಆಮ್ಲಜನಕದಿಂದಲೇ ಆರಂಭಿಸುವ ಹಳೆಯ ರೂಢಿಯನ್ನು ಪ್ರಶ್ನಿಸಿದವರಲ್ಲಿ ನಾರ್ವೆಯ ಶಿಶುವೈದ್ಯ ಓಲಾ ಸಾಗ್‌ಸ್ಟಾಡ್ ಮುಖ್ಯರು; 1998ರಲ್ಲಿ ಪ್ರಕಟವಾದ ಅವರ ತಂಡದ ಬಹುದೇಶೀಯ ಅಧ್ಯಯನದಲ್ಲಿ ಕೋಣೆಯ ಗಾಳಿ ಶುದ್ಧ ಆಮ್ಲಜನಕಕ್ಕೆ ಕಡಿಮೆ ಬೀಳಲಿಲ್ಲ. ಮಗುವಿನ ಬಲಗೈಗೆ ಕಟ್ಟಿದ ಪಲ್ಸ್ ಆಕ್ಸಿಮೀಟರ್‌ನಲ್ಲಿ ಒಂದನೇ ನಿಮಿಷಕ್ಕೆ 60–65, ಐದನೇ ನಿಮಿಷಕ್ಕೆ 80–85, ಹತ್ತನೇ ನಿಮಿಷಕ್ಕೆ 85–95 ಬಂದರೆ ಸರಿಯಾದ ಏರಿಕೆ. ಎದೆ ಒತ್ತಲು ಆರಂಭಿಸಿದಾಗ ಮಾತ್ರ ಆಮ್ಲಜನಕವನ್ನು ನೂರಕ್ಕೆ ಏರಿಸಿ, ಬಡಿತ ಮರಳಿದ ಮೇಲೆ ಆಕ್ಸಿಮೀಟರ್ ನೋಡುತ್ತಾ ಇಳಿಸಬೇಕು. ಇಳಿಸಲು ಮರೆಯುವುದು ಸಾಮಾನ್ಯ ತಪ್ಪು.

ಅಡ್ರಿನಲಿನ್ ಸರದಿ ಯಾವಾಗ

ಎದೆ ಏಳುವಂತೆ ಕನಿಷ್ಠ 30 ಸೆಕೆಂಡು ಶ್ವಾಸ ಕೊಟ್ಟಾಗಿದೆ, ಸಾಧ್ಯವಿದ್ದರೆ ಕೊಳವೆಯ ಮೂಲಕವೇ. ಬಡಿತ ನಿಮಿಷಕ್ಕೆ 60ಕ್ಕಿಂತ ಕೆಳಗಿದೆ. ಎದೆ ಒತ್ತಲು ಶುರುಮಾಡಿ 60 ಸೆಕೆಂಡಾಗಿದೆ. ಮತ್ತೆ ಕಿವಿಗೊಟ್ಟರೂ, ಮಾನಿಟರ್ ನೋಡಿದರೂ 60 ದಾಟಿಲ್ಲ. ಅಡ್ರಿನಲಿನ್‌ಗೆ ಇದೇ ಹೊತ್ತು.

ಎದೆ ಒತ್ತುವ ಕ್ರಮವನ್ನೂ ಇಲ್ಲಿ ಹೇಳಬೇಕು, ಯಾಕೆಂದರೆ ಔಷಧವನ್ನು ಹೃದಯದವರೆಗೆ ಸಾಗಿಸುವುದು ಅದೇ. ಎರಡೂ ಕೈಗಳಿಂದ ಎದೆಗೂಡನ್ನು ಬಳಸಿ, ಹೆಬ್ಬೆರಳುಗಳನ್ನು ಎದೆಮೂಳೆಯ ಕೆಳಗಿನ ಮೂರನೇ ಭಾಗದ ಮೇಲಿಟ್ಟು, ಎದೆಯ ಮುಂಬದಿಯಿಂದ ಬೆನ್ನಿನವರೆಗಿನ ದಪ್ಪದ ಮೂರನೇ ಒಂದರಷ್ಟು ಒತ್ತಬೇಕು. ಮೂರು ಒತ್ತು, ಒಂದು ಉಸಿರು. ನಿಮಿಷಕ್ಕೆ 90 ಒತ್ತು, 30 ಉಸಿರು. ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು, ಆದರೆ ಹೆಬ್ಬೆರಳು ಚರ್ಮ ಬಿಟ್ಟು ಏಳಬಾರದು. ಅಡ್ರಿನಲಿನ್ ಕೈಕಾಲು, ಕರುಳುಗಳ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಅದರಿಂದ ಎರಡು ಒತ್ತುಗಳ ನಡುವಿನ ಬಿಡುವಿನಲ್ಲಿ ಮಹಾಪಧಮನಿಯ ಒತ್ತಡ ಏರುತ್ತದೆ, ಹೃದಯಕ್ಕೇ ರಕ್ತ ಉಣಿಸುವ ಕೊರೊನರಿ ನಾಳಗಳು ಆ ಬಿಡುವಿನಲ್ಲೇ ತುಂಬಿಕೊಳ್ಳುತ್ತವೆ. ಈ ಔಷಧದ ಉಪಕಾರವೆಲ್ಲ ಆ ಕೊರೊನರಿ ಹರಿವಿನಲ್ಲಿದೆ. ಎದೆಯನ್ನು ಪೂರ್ತಿ ಏಳಗೊಡದೆ ಒತ್ತಿದರೆ ಸರಿಯಾದ ಡೋಸ್ ಕೂಡ ವ್ಯರ್ಥವಾಗುತ್ತದೆ.

ಡೋಸ್ ಲೆಕ್ಕಕ್ಕೆ ಬರೋಣ. ನವಜಾತ ಶಿಶುವಿಗೆ ಬಳಸುವ ಅಡ್ರಿನಲಿನ್ ದ್ರಾವಣ ಒಂದೇ: ಪ್ರತಿ ಮಿ.ಲೀ.ಗೆ 0.1 ಮಿ.ಗ್ರಾಂ. ಹಳೆಯ ಮಾತಿನಲ್ಲಿ 1:10,000. ಆಂಪ್ಯೂಲ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಇದರ ಹತ್ತುಪಟ್ಟು ಗಟ್ಟಿ: 1 ಮಿ.ಲೀ.ನಲ್ಲಿ 1 ಮಿ.ಗ್ರಾಂ, ಅಂದರೆ 1:1,000. 10 ಮಿ.ಲೀ. ಸಿರಿಂಜಿಗೆ ಆ 1 ಮಿ.ಲೀ. ಎಳೆದು, ಅದರ ಮೇಲೆ 9 ಮಿ.ಲೀ. ನಾರ್ಮಲ್ ಸಲೈನ್ ಎಳೆದುಕೊಂಡು, ಸಿರಿಂಜನ್ನು ಮೇಲೆ ಕೆಳಗೆ ಮಗುಚಿ ಬೆರೆಸಿದರೆ ಬೇಕಾದ ದ್ರಾವಣ ಸಿದ್ಧ. ಬೆರೆಸುವುದನ್ನು ಬಿಟ್ಟರೆ ಗಟ್ಟಿಯೂ ತೆಳುವೂ ಸಿರಿಂಜಿನೊಳಗೆ ಬೇರೆ ಬೇರೆಯಾಗಿಯೇ ಉಳಿದು, ಮೊದಲು ತಳ್ಳಿದ್ದರಲ್ಲಿ ಎಷ್ಟು ಹೋಯಿತೆಂದು ಹೇಳಲಾಗದು.

ರಕ್ತನಾಳದೊಳಗೆ ಕೊಡುವ ಡೋಸ್ ಪ್ರತಿ ಕೆ.ಜಿ.ಗೆ 0.01ರಿಂದ 0.03 ಮಿ.ಗ್ರಾಂ. ತೆಳು ಮಾಡಿದ ದ್ರಾವಣದಲ್ಲಿ 0.1ರಿಂದ 0.3 ಮಿ.ಲೀ. ತುರ್ತಿನಲ್ಲಿ ವ್ಯಾಪ್ತಿಯಿಂದ ಒಂದನ್ನು ಆರಿಸುತ್ತಾ ಕೂರಬಾರದೆಂದು, 2021ರಲ್ಲಿ ಬಂದ ಅಮೆರಿಕದ ನವಜಾತ ಪುನಶ್ಚೇತನ ತರಬೇತಿಯ ಎಂಟನೇ ಆವೃತ್ತಿ ಆರಂಭದ ಡೋಸ್ ಒಂದನ್ನೇ ಸೂಚಿಸಿತು: ಕೆ.ಜಿ.ಗೆ 0.02 ಮಿ.ಗ್ರಾಂ, ಎಂದರೆ 0.2 ಮಿ.ಲೀ. ಒಂದು ಕೆ.ಜಿ.ಯ ಮಗುವಿಗೆ 0.2, ಎರಡಕ್ಕೆ 0.4, ಮೂರಕ್ಕೆ 0.6, ನಾಲ್ಕಕ್ಕೆ 0.8 ಮಿ.ಲೀ. ಇದನ್ನು 1 ಮಿ.ಲೀ. ಸಿರಿಂಜಿಗೇ ಎಳೆಯಬೇಕು, ದೊಡ್ಡ ಸಿರಿಂಜಿನಲ್ಲಿ 0.6 ಅಳೆಯುವುದು ಕಣ್ಣಂದಾಜಿನ ಕೆಲಸ. ಬೇಗನೆ ತಳ್ಳಿ, ಹಿಂದೆಯೇ 3 ಮಿ.ಲೀ. ಸಲೈನ್ ತಳ್ಳಬೇಕು. ಬಡಿತ 60 ದಾಟದಿದ್ದರೆ 3ರಿಂದ 5 ನಿಮಿಷಕ್ಕೊಮ್ಮೆ ಪುನಃ ಕೊಡಬಹುದು.

ಸಲೈನ್ ತಳ್ಳುವ ಮಾತು ಸಣ್ಣದೆನಿಸಬಹುದು. ಹಿಂದೆ 0.5ರಿಂದ 1 ಮಿ.ಲೀ. ಸಾಕೆನ್ನುತ್ತಿದ್ದರು. ಒಂದು ಕೆ.ಜಿ.ಯ ಮಗುವಿನ 0.2 ಮಿ.ಲೀ. ಮದ್ದನ್ನು ಊಹಿಸಿಕೊಳ್ಳಿ: ಸಿರಿಂಜಿನಿಂದ ಹೊರಟು, ಮೂರು ಬಾಯಿಯ ತಿರುಪು ದಾಟಿ, ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆಯಾದ ಕ್ಯಾತಿಟರಿನ ಉದ್ದಕ್ಕೂ ಸಾಗಿ ಅದು ರಕ್ತಕ್ಕೆ ಸೇರಬೇಕು. ತಳ್ಳುವವರಿಗೆ ಸಿರಿಂಜ್ ಖಾಲಿಯಾಗಿ ಕಾಣುತ್ತದೆ. ಮದ್ದಿನ ಬಹುಪಾಲು ಪ್ಲಾಸ್ಟಿಕ್ ಕೊಳವೆಯಲ್ಲೇ ನಿಂತಿರುತ್ತದೆ. ಅದನ್ನು ಹೊರದೂಡಿದ ಮೇಲೂ, ಹರಿವೇ ಇಲ್ಲದ ಅಭಿಧಮನಿಯಿಂದ ಹೃದಯದ ಬಲಭಾಗದವರೆಗೆ ಒಯ್ಯಲು ಹಿಂದಿನಿಂದ ದ್ರವದ ಒತ್ತು ಬೇಕು. ಮಾರ್ಗಸೂಚಿ ಬದಲಾದದ್ದು ಇದಕ್ಕೇ. ಹಳೆಯ ಗೋಡೆಪಟ್ಟಿ ಇನ್ನೂ ನೇತಾಡುತ್ತಿರುವ ಕಡೆ ಮೊದಲು ತಿದ್ದಬೇಕಾದ ಸಾಲು ಇದೇ ಎಂಬುದು ನಮ್ಮ ಅಭಿಪ್ರಾಯ.

ಎಲ್ಲಕ್ಕಿಂತ ಅಪಾಯದ ತಪ್ಪು ಎರಡು. ಒಂದು, ತೆಳು ಮಾಡದ ಆಂಪ್ಯೂಲಿನಿಂದ ನೇರವಾಗಿ 0.6 ಮಿ.ಲೀ. ಎಳೆದುಬಿಡುವುದು. ಮೂರು ಕೆ.ಜಿ.ಯ ಮಗುವಿಗೆ 0.06 ಮಿ.ಗ್ರಾಂ ಹೋಗಬೇಕಾದಲ್ಲಿ 0.6 ಹೋಗುತ್ತದೆ, ಹತ್ತುಪಟ್ಟು. ಎರಡು, ಶ್ವಾಸಕೊಳವೆಗೆಂದು ತುಂಬಿಟ್ಟ ದೊಡ್ಡ ಡೋಸನ್ನು ರಕ್ತನಾಳಕ್ಕೆ ಕೊಡುವುದು, ಅದು ಐದುಪಟ್ಟು. ಎರಡರಲ್ಲೂ ರಕ್ತದೊತ್ತಡ ವಿಪರೀತ ಏರುತ್ತದೆ, ಹೃದಯಸ್ನಾಯುವಿನ ಆಮ್ಲಜನಕದ ಹಸಿವು ಹೆಚ್ಚುತ್ತದೆ, ಎಳೆ ಮಿದುಳಿನ ತೆಳು ನಾಳಗಳು ಒಡೆಯುವ ಭಯವಿರುತ್ತದೆ. ತಡೆಯುವ ಉಪಾಯಗಳಲ್ಲಿ ದೊಡ್ಡ ತಂತ್ರಜ್ಞಾನವೇನಿಲ್ಲ. ರಕ್ತನಾಳದ ಡೋಸ್ 1 ಮಿ.ಲೀ. ಸಿರಿಂಜಿನಲ್ಲೇ, ಶ್ವಾಸಕೊಳವೆಯದು 3 ಅಥವಾ 5 ಮಿ.ಲೀ. ಸಿರಿಂಜಿನಲ್ಲೇ ಇರಬೇಕು. ಎರಡಕ್ಕೂ ಹೆಸರು, ಸಾಂದ್ರತೆ, ದಾರಿ ಬರೆದ ಪಟ್ಟಿ ಅಂಟಿರಬೇಕು. ಮೌಖಿಕ ಆದೇಶದಲ್ಲಿ "ಒಂದು ಡೋಸ್ ಅಡ್ರಿನಲಿನ್ ಕೊಡಿ" ಎನ್ನಬಾರದು. "ಮೂರು ಕೆ.ಜಿ., ಹೊಕ್ಕುಳ ಅಭಿಧಮನಿಯಲ್ಲಿ, 0.6 ಮಿ.ಲೀ." ಎನ್ನಬೇಕು, ಕೊಡುವವರು ಅದನ್ನೇ ಪುನರುಚ್ಚರಿಸಿ ಆಮೇಲೆ ತಳ್ಳಬೇಕು. 1:1,000 ಮತ್ತು 1:10,000 ಎಂಬ ಅನುಪಾತದ ಬರಹವೇ ಗೊಂದಲ ಹುಟ್ಟಿಸುತ್ತದೆ. ಒಂದು ಸೊನ್ನೆ ಕಣ್ತಪ್ಪಿದರೆ ಮುಗಿಯಿತು. ಮಿ.ಲೀ.ಗೆ ಎಷ್ಟು ಮಿ.ಗ್ರಾಂ ಎಂದೇ ಬರೆಯುವುದು ಒಳ್ಳೆಯದು.

ಹೊಕ್ಕುಳಿನ ದಾರಿ

ಕುಸಿದ ಮಗುವಿನ ಕೈಯಲ್ಲಿ ನಾಳ ಹುಡುಕುತ್ತಾ ಹೊತ್ತು ಕಳೆಯಬಾರದು. ಹೊಕ್ಕುಳಬಳ್ಳಿ ಕಣ್ಣೆದುರೇ ಇದೆ. ನಂಜುನಾಶಕ ಒರೆಸಿ, ಬುಡದಲ್ಲಿ ಟೇಪಿನ ಸಡಿಲ ಗಂಟು ಹಾಕಿ, ಚರ್ಮದಿಂದ ಒಂದೆರಡು ಸೆಂ.ಮೀ. ಮೇಲೆ ಅಡ್ಡಲಾಗಿ ಒಂದೇ ಏಟಿಗೆ ಕತ್ತರಿಸಿದರೆ ಮೂರು ಬಾಯಿಗಳು ಕಾಣುತ್ತವೆ. ಗಟ್ಟಿ ಗೋಡೆಯ, ಬಿಳಿಚಿಕೊಂಡು ಬಿಗಿದ ಎರಡು ಸಣ್ಣವು ಅಪಧಮನಿಗಳು. ತೆಳು ಗೋಡೆಯ, ಸಡಿಲ ಬಾಯಿಯ ದೊಡ್ಡದೊಂದು ಅಭಿಧಮನಿ. ಗಡಿಯಾರದಲ್ಲಿ ಹನ್ನೊಂದು-ಹನ್ನೆರಡು ಇರುವ ಕಡೆಗೆ ಅದು ಸಾಮಾನ್ಯವಾಗಿ ಸಿಗುತ್ತದೆ. ಸುತ್ತಲಿನ ಹೊಳೆಯುವ ಲೋಳೆಯ ನಡುವೆ ಮೊದಲ ಸಲ ನೋಡುವವರಿಗೆ ಈ ಬಾಯಿ ಒಂದು ಮಡಿಕೆಯಂತೆ ಮಾತ್ರ ಕಾಣಬಹುದು. ಕ್ಯಾತಿಟರಿನ ತುದಿಯನ್ನು ಮೃದುವಾಗಿ ಇಟ್ಟರೆ ಅದು ತೆರೆದುಕೊಳ್ಳುತ್ತದೆ. ಕತ್ತರಿಸುವ ಹೊತ್ತಿಗೆ ಎದೆ ಒತ್ತುವುದನ್ನು ಕ್ಷಣ ನಿಲ್ಲಿಸಬೇಕಾದರೆ ಗಟ್ಟಿಯಾಗಿ ಹೇಳಿಯೇ ನಿಲ್ಲಿಸಬೇಕು, ಬ್ಲೇಡ್ ಕೈಯಲ್ಲಿರುತ್ತದೆ.

3.5 ಅಥವಾ 5 ಫ್ರೆಂಚ್ (ಕೊಳವೆಯ ದಪ್ಪದ ಮಾನ) ಅಳತೆಯ ಕ್ಯಾತಿಟರನ್ನು ತಿರುಪಿನ ಸಮೇತ ಮೊದಲೇ ಸಲೈನ್ ತುಂಬಿಸಿಟ್ಟಿರಬೇಕು. ತಿರುಪು ತೆರೆದಿದ್ದು, ಮಗು ಆಳವಾಗಿ ಉಸಿರೆಳೆದರೆ ಗಾಳಿ ಒಳಗೆ ಹೋಗಿಬಿಡುತ್ತದೆ. 2ರಿಂದ 4 ಸೆಂ.ಮೀ. ಒಳತಳ್ಳಿ, ಎಳೆದರೆ ರಕ್ತ ಸರಾಗವಾಗಿ ಬರುವಲ್ಲಿಗೆ ನಿಲ್ಲಿಸಬೇಕು. ಅವಧಿಗೆ ಮುನ್ನ ಹುಟ್ಟಿದ್ದರೆ ಇನ್ನೂ ಕಡಿಮೆ. ತುರ್ತಿಗೆ ಹಾಕುವ ಕ್ಯಾತಿಟರಿಗೂ ಆಮೇಲೆ ನವಜಾತ ಶಿಶು ಘಟಕದಲ್ಲಿ ಅಳೆದು ಆಳಕ್ಕೆ ಹಾಕುವ ಕ್ಯಾತಿಟರಿಗೂ ವ್ಯತ್ಯಾಸವಿದೆ. ಇಲ್ಲಿ ಆಳಕ್ಕೆ ಹೋದರೆ ತುದಿ ಯಕೃತ್ತಿನೊಳಗೆ ಸಿಕ್ಕಿ, ಅಡ್ರಿನಲಿನ್ ನೇರವಾಗಿ ಆ ಅಂಗಾಂಶಕ್ಕೆ ಸುರಿದು ಹಾನಿ ಮಾಡುತ್ತದೆ. ಈ ಕೆಲಸ ಗೊತ್ತಿಲ್ಲದವರಿಗೆ, ಅಥವಾ ಬಳ್ಳಿಯ ನಾಳ ಸಿಗದಿದ್ದರೆ, ಮೊಣಕಾಲಿನ ಕೆಳಗೆ ಮುಂಗಾಲ ಮೂಳೆಯ ಒಳಬದಿಯ ಚಪ್ಪಟೆ ಭಾಗದಲ್ಲಿ ಮೂಳೆಸೂಜಿ ಹಾಕಬಹುದು. ಔಷಧದ ಪ್ರಮಾಣ ರಕ್ತನಾಳದ್ದೇ.

ಶ್ವಾಸಕೊಳವೆಯಲ್ಲಿ ಅಡ್ರಿನಲಿನ್ ಹಾಕುವುದು ಬೇಗ, ಸುಲಭ. ಆದರೆ ನಂಬಲಾಗದು. ಹುಟ್ಟಿದ ಮಗುವಿನ ಶ್ವಾಸಕೋಶದಲ್ಲಿ ಇನ್ನೂ ದ್ರವ ತುಂಬಿರುತ್ತದೆ, ಅದು ಔಷಧವನ್ನು ತೆಳು ಮಾಡುತ್ತದೆ. ಶ್ವಾಸಕೋಶದ ರಕ್ತನಾಳಗಳು ಮುಚ್ಚಿಕೊಂಡಿರುವುದರಿಂದ ಹೀರಿಕೊಳ್ಳುವ ಹರಿವೇ ಕಡಿಮೆ. ಅದಕ್ಕೇ ಡೋಸ್ ದೊಡ್ಡದು: ಕೆ.ಜಿ.ಗೆ 0.05ರಿಂದ 0.1 ಮಿ.ಗ್ರಾಂ, ಎಂದರೆ 0.5ರಿಂದ 1 ಮಿ.ಲೀ. ಮೂರು ಕೆ.ಜಿ.ಯ ಮಗುವಿಗೆ ಪೂರ್ತಿ 3 ಮಿ.ಲೀ. ಸಂಶೋಧಕರಾದ ಬಾರ್ಬರ್ ಮತ್ತು ವೈಕಾಫ್ 2006ರಲ್ಲಿ ಪ್ರಕಟಿಸಿದ ಅವಲೋಕನದಲ್ಲಿ, ಮೊದಲು ಕೊಳವೆಯ ಮೂಲಕ ಅಡ್ರಿನಲಿನ್ ಪಡೆದ 44 ಮಕ್ಕಳಲ್ಲಿ ಹೃದಯ ಮರಳಿದ್ದು 14ರಲ್ಲಿ. ಮರಳದ 30 ಮಕ್ಕಳಿಗೆ ರಕ್ತನಾಳದಲ್ಲಿ ಕೊಟ್ಟಾಗ 23 ಸ್ಪಂದಿಸಿದವು. ಅಲ್ಲಿ ಕೊಳವೆಯ ಡೋಸ್ ಇಂದಿನದಕ್ಕಿಂತ ಸಣ್ಣದಾಗಿತ್ತು, ಹಾಗಾಗಿ ಆ ಅಂಕಿಯನ್ನು ಇಂದಿನ ಡೋಸಿಗೆ ಹಾಗೆಯೇ ಹೊರಿಸುವುದು ನ್ಯಾಯವಲ್ಲ. ಆದರೂ ರಕ್ತನಾಳದ ದಾರಿ ತಡವಾಗಬಾರದು ಎಂಬ ಪಾಠ ನಿಂತಿದೆ. ಎದೆ ಒತ್ತಲು ಶುರುವಾದ ಕ್ಷಣವೇ ಒಬ್ಬರು ಹೊಕ್ಕುಳಿನ ಕಡೆ ಹೋಗಬೇಕು. ನಾಳ ಸಿಗುವವರೆಗೆ ಕೊಳವೆಯಲ್ಲಿ ಒಂದು ಡೋಸ್ ಹಾಕಿ, ಕೆಲವು ಉಸಿರುಗಳಿಂದ ಒಳಗೆ ಹರಡುವಂತೆ ಮಾಡಬಹುದು. ನಾಳ ಸಿಕ್ಕೊಡನೆ ರಕ್ತನಾಳದ ಡೋಸ್. ಹಿಂದಿನದಕ್ಕೆ ಮೂರು ನಿಮಿಷ ಆಗಲಿ ಎಂದು ಕಾಯಬೇಕಿಲ್ಲ. ಲ್ಯಾರಿಂಜಿಯಲ್ ಮಾಸ್ಕ್ ಮೂಲಕ ಹಾಕಿದ ಮದ್ದು ಶ್ವಾಸಕೋಶ ತಲುಪುತ್ತದೆಂದು ನೆಚ್ಚಿಕೊಳ್ಳಲಾಗದು.

ಕೊಳವೆ ಸರಿಯಾದ ಕಡೆ ಇದೆಯೇ ಎಂದು ತೋರಿಸುವ, ಬಣ್ಣ ಬದಲಿಸುವ ಇಂಗಾಲದ ಡೈಆಕ್ಸೈಡ್ ಸೂಚಕ ಇಲ್ಲಿ ಎರಡು ರೀತಿ ದಾರಿ ತಪ್ಪಿಸುತ್ತದೆ. ಹೃದಯ ಬಹುತೇಕ ನಿಂತಿದ್ದರೆ ಶ್ವಾಸಕೋಶಕ್ಕೆ ರಕ್ತವೇ ಬರುವುದಿಲ್ಲ, ಕೊಳವೆ ಸರಿಯಿದ್ದರೂ ಬಣ್ಣ ನೇರಳೆಯಾಗಿಯೇ ಉಳಿಯಬಹುದು. ಅಡ್ರಿನಲಿನ್ ದ್ರಾವಣ ಸೂಚಕದ ಮೇಲೆ ಸಿಡಿದರೆ ಅದರ ಆಮ್ಲೀಯ ಗುಣದಿಂದ ಸುಮ್ಮನೆ ಹಳದಿಗೆ ತಿರುಗಬಹುದು. ಮದ್ದು ಹಾಕುವಾಗ ಸೂಚಕವನ್ನು ತೆಗೆದಿಡುವುದು ಲೇಸು. ಇಸಿಜಿ ಮಾನಿಟರಿನ ಅಂಕಿಯನ್ನೂ ಕುರುಡಾಗಿ ನಂಬಬಾರದು: ಪರದೆಯ ಮೇಲೆ 70 ಎಂದು ಬರುತ್ತಿದ್ದರೂ ಸ್ನಾಯು ಕುಗ್ಗದೆ, ನಾಡಿಯೇ ಇಲ್ಲದ ಸ್ಥಿತಿ ಇರಬಹುದು. ಸ್ಟೆತಸ್ಕೋಪ್ ಎದೆಯ ಮೇಲಿರಲಿ.

ದ್ರವ ಯಾರಿಗೆ

ಅಡ್ರಿನಲಿನ್ ಕೊಟ್ಟರೂ ಮಗು ಬಿಳಿಚಿಕೊಂಡಿದೆ, ನಾಡಿ ದುರ್ಬಲವಾಗಿದೆ, ಹೆರಿಗೆಯಲ್ಲಿ ಮಾಸು ಕಿತ್ತು ರಕ್ತ ಹೋಗಿದೆ, ಅಥವಾ ಬಳ್ಳಿ ಹರಿದಿದೆ, ಅಥವಾ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಿಹೋಗಿದೆ ಎಂಬ ಶಂಕೆಯಿದೆ. ಆಗ ಕೆ.ಜಿ.ಗೆ 10 ಮಿ.ಲೀ. ನಾರ್ಮಲ್ ಸಲೈನ್, 5ರಿಂದ 10 ನಿಮಿಷಗಳಲ್ಲಿ. ತುಂಬಾ ರಕ್ತ ಹೋಗಿದ್ದರೆ ಓ ನೆಗೆಟಿವ್ ಕೆಂಪುಕಣಗಳೇ ಬೇಕು; ಸಲೈನ್ ನಾಳ ತುಂಬಿಸುತ್ತದೆ, ಆಮ್ಲಜನಕ ಹೊರುವುದಿಲ್ಲ.

ಇಲ್ಲಿಯ ಕೆಟ್ಟ ಅಭ್ಯಾಸವೆಂದರೆ ಉಸಿರುಕಟ್ಟಿದ ಪ್ರತಿ ಮಗುವಿಗೂ "ಒಂದು ಬೋಲಸ್ (ಒಂದೇ ಸಲಕ್ಕೆ ತಳ್ಳುವ ದ್ರವ) ಇರಲಿ" ಎನ್ನುವುದು. ರಕ್ತ ಹೋಗದ ಮಗುವಿನ ಹೃದಯ ಆಗಲೇ ಸೋತಿದೆ. ಹೆಚ್ಚಿನ ನೀರು ತಳ್ಳಿದರೆ ಅದು ಹೊರಲಾರದೆ ಶ್ವಾಸಕೋಶದಲ್ಲಿ ನೀರು, ಕೆಲವೊಮ್ಮೆ ರಕ್ತವೂ ಬರುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ವೇಗವಾಗಿ ಕೊಟ್ಟರೆ ಮಿದುಳಿನೊಳಗೆ ರಕ್ತಸ್ರಾವದ ಭಯ. 50 ಮಿ.ಲೀ. ಸಿರಿಂಜಿನಿಂದ ಕೈಯಲ್ಲೇ ತಳ್ಳುವಾಗ ಗಡಿಯಾರ ನೋಡದಿದ್ದರೆ 30 ಮಿ.ಲೀ. ಅರ್ಧ ನಿಮಿಷದಲ್ಲಿ ಹೋಗಿಬಿಡುತ್ತದೆ.

ಇಳಿದುಹೋದವು

ಸೋಡಿಯಂ ಬೈಕಾರ್ಬನೇಟ್ ಅತಿ ಹೆಚ್ಚು ಕಾಲ ಟ್ರೇಯಲ್ಲಿ ಕುಳಿತಿತ್ತು, ಕೆಲವೆಡೆ ಈಗಲೂ ಕುಳಿತಿದೆ. ರಕ್ತ ಆಮ್ಲೀಯವಾಗಿದೆ, ಕ್ಷಾರ ಕೊಟ್ಟರೆ ಸರಿಹೋಗುತ್ತದೆ ಎಂಬ ವಾದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಬೈಕಾರ್ಬನೇಟ್ ಆಮ್ಲದೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಅದನ್ನು ಹೊರಹಾಕಬೇಕಾದದ್ದು ಉಸಿರಾಡದ ಶ್ವಾಸಕೋಶ. ಹೊರಹೋಗದ ಅನಿಲ ಸಲೀಸಾಗಿ ಜೀವಕೋಶಗಳೊಳಗೆ ನುಗ್ಗುತ್ತದೆ. ರಕ್ತ ಪರೀಕ್ಷೆಯ ಅಂಕಿ ಚೆಂದವಾಗುತ್ತದೆ, ಹೃದಯ ಮತ್ತು ಮಿದುಳಿನ ಕೋಶಗಳ ಒಳಗಿನ ಆಮ್ಲೀಯತೆ ಹೆಚ್ಚುತ್ತದೆ. ಮೇಲಾಗಿ ಇದು ಬಹಳ ಗಟ್ಟಿ ದ್ರಾವಣ. ಬೇಗ ತಳ್ಳಿದರೆ ಎಳೆ ಮಿದುಳಿನ ನಾಳಗಳಿಗೆ ಅಪಾಯ. ಯುರೋಪಿನ 2021ರ ಮಾರ್ಗಸೂಚಿ ಇದನ್ನು ಪೂರ್ತಿ ಕೈಬಿಟ್ಟಿಲ್ಲ: ಶ್ವಾಸ ಸರಿಯಾಗಿ ಹೋಗುತ್ತಿದ್ದೂ, ಅಡ್ರಿನಲಿನ್‌ಗೂ ಸ್ಪಂದಿಸದೆ ಪುನಶ್ಚೇತನ ತುಂಬಾ ಉದ್ದವಾದಾಗ, 4.2 ಶೇಕಡಾ ದ್ರಾವಣವನ್ನು ಕೆ.ಜಿ.ಗೆ 2ರಿಂದ 4 ಮಿ.ಲೀ. ನಿಧಾನವಾಗಿ ಕೊಡುವುದನ್ನು ಪರಿಗಣಿಸಬಹುದು ಎನ್ನುತ್ತದೆ. ಅದು ಕೊನೆಯ ಬಾಗಿಲು. ಅಡ್ರಿನಲಿನ್ ಹೋದ ನಾಳದಲ್ಲೇ, ನಡುವೆ ಸಲೈನ್ ತಳ್ಳದೆ ಇದನ್ನು ಕೊಟ್ಟರೆ ಕ್ಷಾರದಲ್ಲಿ ಅಡ್ರಿನಲಿನ್ ಸತ್ವ ಕಳೆದುಕೊಳ್ಳುತ್ತದೆ ಎಂಬುದೂ ನೆನಪಿರಲಿ.

ನಲೋಕ್ಸೋನ್ ಇಳಿದದ್ದು ಬೇರೆ ಕಾರಣಕ್ಕೆ. ತಾಯಿಗೆ ಕೊಟ್ಟ ಅಫೀಮು ಜಾತಿಯ ನೋವುನಿವಾರಕದಿಂದ ಮಗು ಮಂಕಾಗಿದ್ದರೆ ಶ್ವಾಸ ಕೊಡುತ್ತಾ ಕಾಯಬಹುದು, ಮದ್ದಿನ ಅಮಲು ತಾನಾಗಿ ಇಳಿಯುತ್ತದೆ. ತಾಯಿ ಅಂತಹ ಮದ್ದಿಗೆ ಒಗ್ಗಿಹೋಗಿದ್ದರೆ ನಲೋಕ್ಸೋನ್ ಮಗುವಿಗೆ ಸೆಳವು ತರಬಹುದು. ಅಟ್ರೋಪಿನ್ ನರದಿಂದ ಬರುವ ನಿಧಾನ ಬಡಿತಕ್ಕೆ ಸರಿ. ಇಲ್ಲಿ ನಿಧಾನವಾಗಿರುವುದು ಆಮ್ಲಜನಕ ಸಾಲದ ಸ್ನಾಯು. ಕ್ಯಾಲ್ಸಿಯಂ, ಡೆಕ್ಸಾಮೆಥಸೋನ್‌ಗಳಿಗೆ ಈ ನಿಮಿಷಗಳಲ್ಲಿ ಕೆಲಸವಿಲ್ಲ. ಇವನ್ನು ಟ್ರೇಯಲ್ಲಿಟ್ಟುಕೊಂಡರೆ ತೊಂದರೆಯೇನು ಎಂದು ಕೇಳುವವರಿದ್ದಾರೆ. ಕೈಗೆ ಸಿಗುವಂತಿದ್ದರೆ ಯಾರಾದರೂ ಒಡೆಯುತ್ತಾರೆ, ಮತ್ತು ಒಡೆಯುವ ಆ ಕೈ ಮಾಸ್ಕ್ ಹಿಡಿಯಬೇಕಾದ ಕೈ.

ಬಡಿತ ಮರಳಿದ ಮೇಲೆ

ಗ್ಲೂಕೋಸ್ ಮರೆತುಹೋಗುವ ಔಷಧ. ಆಮ್ಲಜನಕವಿಲ್ಲದೆ ದುಡಿದ ದೇಹ ತನ್ನ ಸಕ್ಕರೆಯ ದಾಸ್ತಾನನ್ನು ಸುಟ್ಟುಕೊಂಡಿರುತ್ತದೆ. ಹೃದಯ ಮರಳಿದ ಮಗುವಿನ ಸಕ್ಕರೆ ಕುಸಿದರೆ ಆಗಲೇ ಪೆಟ್ಟು ತಿಂದ ಮಿದುಳಿಗೆ ಎರಡನೇ ಪೆಟ್ಟು. ಬೇಗನೆ ರಕ್ತದ ಸಕ್ಕರೆ ನೋಡಿ, ಕಡಿಮೆಯಿದ್ದರೆ 10 ಶೇಕಡಾ ಡೆಕ್ಸ್‌ಟ್ರೋಸ್ ಕೆ.ಜಿ.ಗೆ 2 ಮಿ.ಲೀ. ಕೊಟ್ಟು, ನಿರಂತರ ಹನಿ ಮುಂದುವರಿಸಬೇಕು. ಗಟ್ಟಿ ಡೆಕ್ಸ್‌ಟ್ರೋಸ್ ಬೇಡ.

36 ವಾರ ತುಂಬಿದ, ಮಿದುಳಿಗೆ ಮಧ್ಯಮ ಅಥವಾ ತೀವ್ರ ಪೆಟ್ಟಾದ ಲಕ್ಷಣವಿರುವ ಮಗುವನ್ನು ಆರು ಗಂಟೆಯೊಳಗೆ 33ರಿಂದ 34 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿ 72 ಗಂಟೆ ಇಡುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ನೆಲೆಯೂರಿದೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಹೀಲಿಕ್ಸ್ ಪ್ರಯೋಗದಲ್ಲಿ ಮಾತ್ರ ಅದು ಸಾವು ಅಥವಾ ಅಂಗವೈಕಲ್ಯವನ್ನು ತಗ್ಗಿಸಲಿಲ್ಲ; ತಂಪು ಮಾಡಿದ ಗುಂಪಿನಲ್ಲಿ ಸಾವು ಹೆಚ್ಚಿತ್ತು. ಮಿದುಳು ಕಾಯುವ ಔಷಧವೆಂದು ಆಸೆ ಹುಟ್ಟಿಸಿದ್ದ ಎರಿಥ್ರೊಪೊಯೆಟಿನ್ ಕೂಡ, ತಂಪು ಚಿಕಿತ್ಸೆಯ ಜೊತೆಗೆ ದೊಡ್ಡ ಡೋಸಿನಲ್ಲಿ ಪರೀಕ್ಷಿಸಿದ ಹೀಲ್ ಪ್ರಯೋಗದಲ್ಲಿ, 2022ರಲ್ಲಿ, ಪ್ರಯೋಜನ ತೋರಲಿಲ್ಲ. ಸೆಳವು ಇಳಿಸುವ ಫಿನೊಬಾರ್ಬಿಟಾಲನ್ನು ಸೆಳವು ಬಂದಾಗ ಕೆ.ಜಿ.ಗೆ 20 ಮಿ.ಗ್ರಾಂ ಕೊಡುತ್ತಾರೆ; ಸೆಳವು ಬಾರದಿರಲೆಂದು ಮುಂಚಿತವಾಗಿ ಕೊಡುವ ರೂಢಿಗೆ ಆಧಾರ ಸಾಲದು. ಈ ಸೋಲುಗಳು ಕಹಿಯೇ. ಆದರೆ ಪೆಟ್ಟಾದ ಮೇಲೆ ಮಾಡಬಹುದಾದದ್ದು ಇಷ್ಟು ಕಡಿಮೆ ಇರುವಾಗ ಮೊದಲ ಐದು ನಿಮಿಷಗಳ ತೂಕ ಇನ್ನೂ ಹೆಚ್ಚುತ್ತದೆ.

ಎಲ್ಲ ಹಂತ ಸರಿಯಾಗಿ ಮಾಡಿದರೂ ಬಡಿತ ಬಾರದಿದ್ದರೆ, ಹುಟ್ಟಿದ ಸುಮಾರು 20 ನಿಮಿಷಕ್ಕೆ ನಿಲ್ಲಿಸುವ ಮಾತನ್ನು ತಂಡವೂ ತಂದೆತಾಯಿಯೂ ಕೂಡಿ ಆಡಬೇಕಾಗುತ್ತದೆ. ಆ ಮಾತಿಗೆ ಆಧಾರವಾಗುವುದು ಕೋಣೆಯ ಮೂಲೆಯಲ್ಲಿ ಒಬ್ಬರು ಬರೆದಿಟ್ಟ ಹಾಳೆ: ಯಾವ ನಿಮಿಷಕ್ಕೆ ಎದೆ ಎದ್ದಿತು, ಯಾವಾಗ ಒತ್ತಲು ಶುರುವಾಯಿತು, ಅಡ್ರಿನಲಿನ್ ಯಾವ ದಾರಿಯಲ್ಲಿ, ಎಷ್ಟು ಮಿ.ಲೀ., ಎಷ್ಟು ಹೊತ್ತಿಗೆ, ಹಿಂದೆಯೇ ಸಲೈನ್ ಹೋಯಿತೇ. ಹಾಳೆಯಲ್ಲಿ "ಅಡ್ರಿನಲಿನ್ ಕೊಟ್ಟಿದೆ" ಎಂದಷ್ಟೇ ಇದ್ದರೆ, ಆ ಮಗುವಿಗೆ ಔಷಧ ನಿಜವಾಗಿ ತಲುಪಿತ್ತೇ ಎಂದು ಆಮೇಲೆ ಯಾರಿಂದಲೂ ಹೇಳಲಾಗದು.